ನಲವತ್ತು ದಿನಗಳ ಕೋಟೆ: ಒಂದು ಹಳೆಯ ಗಣಕದಾಟ ಮತ್ತು ನಾವು ಬರೆಯದ ಇತಿಹಾಸ

1984ರ ನವೆಂಬರ್ ತಿಂಗಳಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ಘಟನೆಗಳು ನಡೆದವು. ದೆಹಲಿಯಲ್ಲಿ ಕೇಂದ್ರ ಸರಕಾರವು ಹೊಸ ಕಂಪ್ಯೂಟರ್ ನೀತಿಯನ್ನು ಪ್ರಕಟಿಸಿ, ಗಣಕಗಳ ಆಮದಿಗೂ ತಯಾರಿಕೆಗೂ ಇದ್ದ ಬಿಗಿಯನ್ನು ಸಡಿಲಿಸಿತು. ಇಂಗ್ಲೆಂಡಿನ ಲೆಸ್ಟರ್‌ಶೈರ್ ಪ್ರಾಂತದ ಆಷ್‌ಬಿ-ಡಿ-ಲಾ-ಜೂಷ್ ಎಂಬ ಪುಟ್ಟ ಊರಿನಿಂದ ‘ನೈಟ್ ಲೋರ್’ ಎಂಬ ಆಟವೊಂದು ಕ್ಯಾಸೆಟ್ಟಿನ ರೂಪದಲ್ಲಿ ಮಾರುಕಟ್ಟೆಗೆ ಬಂದಿತು. ಮೊದಲನೆಯದು ನಮ್ಮ ದೇಶದ ಆರ್ಥಿಕ ಚರಿತ್ರೆಯ ಪುಟಗಳಲ್ಲಿ ಸೇರಿದೆ. ಎರಡನೆಯದು ಆಟಿಕೆಯ ಚರಿತ್ರೆಯೆಂದು ನಾವು ಬದಿಗಿಡುವಂಥದ್ದು. ಆದರೆ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ: ಗಣಕ ಮನೆಗೆ ಬಂದ ಕಾಲದಲ್ಲಿ ಕೆಲವು ಸಮಾಜಗಳು ಅದರಲ್ಲಿ ತಮ್ಮ ಕಥೆಯನ್ನು ಕಟ್ಟಿದವು, ನಾವೇಕೆ ಕಟ್ಟಲಿಲ್ಲ? ಈ ಬರಹ ಆ ಪ್ರಶ್ನೆಯನ್ನು ಬೆನ್ನುಹತ್ತಿದೆ.

ಆಷ್‌ಬಿ ಎಂಬ ಹೆಸರು ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಅಪರಿಚಿತವಲ್ಲ. ವಾಲ್ಟರ್ ಸ್ಕಾಟ್ ತನ್ನ ‘ಐವನ್‌ಹೋ’ ಕಾದಂಬರಿಯ ಶೂರರ ಪಂದ್ಯವನ್ನು ನಡೆಸಿದ್ದು ಅಲ್ಲಿಯೇ. ಅದೇ ಊರಿನಲ್ಲಿ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಸೋದರರು ‘ಅಲ್ಟಿಮೇಟ್ ಪ್ಲೇ ದ ಗೇಮ್’ ಎಂಬ ಹೆಸರಿನಲ್ಲಿ ಆಟಗಳನ್ನು ತಯಾರಿಸುತ್ತಿದ್ದರು. ನೈಟ್ ಲೋರ್‌ನ ನಾಯಕ ಸೇಬರ್‌ಮನ್ ಎಂಬ ಅಲೆಮಾರಿ ಸಾಹಸಿ. ಶಾಪಕ್ಕೆ ಸಿಲುಕಿದ ಅವನು ಹಗಲು ಮನುಷ್ಯ, ಇರುಳು ತೋಳ. ಮೆಲ್ಖಿಯೋರ್ ಎಂಬ ಮಾಂತ್ರಿಕನ ಕೋಟೆಯ 128 ಕೋಣೆಗಳಲ್ಲಿ ಅಲೆದು, ಕುದಿಯುವ ಕೊಪ್ಪರಿಗೆ ಕೇಳಿದ 14 ವಸ್ತುಗಳನ್ನು ಅದು ಕೇಳಿದ ಕ್ರಮದಲ್ಲಿಯೇ ತಂದು ಹಾಕಿದರೆ ಶಾಪ ವಿಮೋಚನೆ. ಅವಧಿ 40 ದಿನ, 40 ರಾತ್ರಿ. ತೆರೆಯ ಕೆಳಗಿನ ಪುಟ್ಟ ಕಿಟಕಿಯಲ್ಲಿ ಸೂರ್ಯ ಚಂದ್ರರು ಸಾಗುತ್ತಾರೆ. ಚಂದ್ರೋದಯವಾದೊಡನೆ ನಾಯಕನು ನಿಂತಲ್ಲಿಯೇ ನಡುಗಿ ತೋಳವಾಗುತ್ತಾನೆ. ಕೊಪ್ಪರಿಗೆ ತೋಳನನ್ನು ಸಹಿಸದು. ಆದುದರಿಂದ ಆಡುವವನು ದಾರಿಯನ್ನಷ್ಟೇ ಅಲ್ಲ, ಹೊತ್ತನ್ನೂ ಲೆಕ್ಕ ಹಾಕಬೇಕು.

ಈ ಕಥೆ ಹೊಸತೇನೂ ಅಲ್ಲ. ಶಾಪ, ಅವಧಿ, ವಿಮೋಚನೆಗಳು ನಮ್ಮ ಅಜ್ಜಿಕಥೆಗಳಲ್ಲಿಯೂ ಉಂಟು. ಹೊಸತಾಗಿದ್ದುದು ಕೋಣೆ. ಅದುವರೆಗಿನ ಬಹುಪಾಲು ಆಟಗಳು ಗೋಡೆಯ ಮೇಲಿನ ಚಿತ್ರದಂತೆ ಚಪ್ಪಟೆಯಾಗಿದ್ದವು. ಇಲ್ಲಿ ಕೋಣೆಯನ್ನು ಮೇಲಿನ ಒಂದು ಮೂಲೆಯಿಂದ ಓರೆಯಾಗಿ ಕಾಣಬಹುದಿತ್ತು. ಮೇಜಿನ ಹಿಂದೆ ಹೋದರೆ ನಾಯಕ ಮರೆಯಾಗುತ್ತಿದ್ದ. ಕಲ್ಲನ್ನು ತಳ್ಳಿ ಅದರ ಮೇಲೆ ಹತ್ತಿ ಎತ್ತರದ ವಸ್ತುವನ್ನು ಎಟುಕಿಸಿಕೊಳ್ಳುತ್ತಿದ್ದ. ವಸ್ತುಗಳಿಗೆ ತೂಕ, ಎತ್ತರ, ಹಿಂಬದಿ ಇವೆಯೆಂಬ ನಂಬಿಕೆ ಹುಟ್ಟುತ್ತಿತ್ತು.

ಇದನ್ನು ಸಾಧಿಸಿದ ಯಂತ್ರ ಯಾವುದೆಂದು ನೆನೆದರೆ ಅಚ್ಚರಿಯಾಗುತ್ತದೆ. ಸಿಂಕ್ಲೇರ್ ಕಂಪನಿಯ ಜೆಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಇದ್ದ ಸ್ಮೃತಿ 48 ಕಿಲೋಬೈಟ್. ಸಂಸ್ಕಾರಕದ ವೇಗ 3.5 ಮೆಗಾಹರ್ಟ್ಸ್. ತೆರೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳು. ಚುಕ್ಕಿಗಳಿಗೆ 6144 ಬೈಟ್, ಬಣ್ಣಗಳಿಗೆ 768 ಬೈಟ್, ಒಟ್ಟು 6912 ಬೈಟ್ ಸೇರಿದರೆ ಒಂದು ತೆರೆಯ ಚಿತ್ರ. 128 ಕೋಣೆಗಳನ್ನು ಚಿತ್ರಗಳಾಗಿಯೇ ಇಡಲು ಹೊರಟರೆ ಎಂಟೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಬೈಟ್ ಬೇಕು; ಯಂತ್ರದಲ್ಲಿದ್ದುದು ಐವತ್ತು ಸಾವಿರದೊಳಗೆ. ಆದುದರಿಂದ ಸ್ಟ್ಯಾಂಪರ್ ಸೋದರರು ಚಿತ್ರಗಳನ್ನು ಇಡಲಿಲ್ಲ, ಕೋಣೆಗಳ ವಿವರಣೆಯನ್ನು ಇಟ್ಟರು: ಇಂಥ ಅಳತೆಯ ಕೋಣೆ, ಇಂಥ ಕಡೆ ಬಾಗಿಲು, ಇಂಥ ಜಾಗದಲ್ಲಿ ಇಂಥ ಎತ್ತರಕ್ಕೆ ಒಂದು ಕಲ್ಲು. ನಾಯಕನು ಬಾಗಿಲು ದಾಟಿದೊಡನೆ ಯಂತ್ರವು ಆ ವಿವರಣೆಯನ್ನು ಓದಿ, ಹಿಂದಿರುವುದನ್ನು ಮೊದಲು, ಮುಂದಿರುವುದನ್ನು ಅನಂತರ ಬರೆಯುತ್ತಿತ್ತು. ಪ್ರತಿ ಆಕೃತಿಗೂ ಜೊತೆಯಾಗಿ ಅದರ ಆಕಾರದ ಮುಸುಕೊಂದಿತ್ತು. ಆ ಮುಸುಕು ಮೊದಲು ಹಿನ್ನೆಲೆಯನ್ನು ಅಳಿಸಿ, ಆಕೃತಿ ಕೂರಲು ತೆರಪು ಮಾಡಿಕೊಡುತ್ತಿತ್ತು. ಈ ತಂತ್ರಕ್ಕೆ ಅವರಿಟ್ಟ ಹೆಸರು ‘ಫಿಲ್ಮೇಷನ್’. ಸ್ಪೆಕ್ಟ್ರಮ್‌ನಲ್ಲಿ ಎಂಟೆಂಟು ಚುಕ್ಕಿಗಳ ಒಂದು ಚೌಕದೊಳಗೆ ಎರಡೇ ಬಣ್ಣ ಸಾಧ್ಯವಿದ್ದುದರಿಂದ ಎರಡು ವಸ್ತುಗಳು ಸಮೀಪಿಸಿದರೆ ಬಣ್ಣಗಳು ಕಲಸಿಹೋಗುತ್ತಿದ್ದವು. ಅದಕ್ಕಾಗಿ ಇಡೀ ಕೋಣೆಗೆ ಒಂದೇ ಬಣ್ಣ ಕೊಟ್ಟರು. ಚಲಿಸುವ ವಸ್ತುಗಳು ಹೆಚ್ಚಾದ ಕೋಣೆಗಳಲ್ಲಿ ಆಟ ಕಣ್ಣಿಗೆ ಕಾಣುವಂತೆ ನಿಧಾನವಾಗುತ್ತಿತ್ತು. ಆ ನಿಧಾನವನ್ನು ಆಡುವವರು ಸಹಿಸಿಕೊಂಡರು.

ಈ ಓರೆನೋಟಕ್ಕೆ ಐಸೊಮೆಟ್ರಿಕ್ ಎಂದು ಹೆಸರು. ಕೇಂಬ್ರಿಜ್‌ನ ವಿಲಿಯಂ ಫಾರಿಷ್ 1822ರಲ್ಲಿ ಯಂತ್ರಗಳನ್ನು ಚಿತ್ರಿಸಲು ಇದರ ನಿಯಮಗಳನ್ನು ಶಾಸ್ತ್ರೀಯವಾಗಿ ವಿವರಿಸಿದನು. ಉದ್ದ, ಅಗಲ, ಎತ್ತರಗಳ ಮೂರು ಅಕ್ಷಗಳು ಕಾಗದದ ಮೇಲೆ ಒಂದಕ್ಕೊಂದು 120 ಡಿಗ್ರಿ ಅಂತರದಲ್ಲಿರುತ್ತವೆ. ದೂರದ ವಸ್ತು ಕಿರಿದಾಗುವುದಿಲ್ಲ. ಮೂರು ದಿಕ್ಕಿನಲ್ಲಿಯೂ ಒಂದೇ ಅಳತೆಗೋಲು ನಡೆಯುತ್ತದೆ. ಗಣಕದ ಚುಕ್ಕಿಗಳಲ್ಲಿ 30 ಡಿಗ್ರಿಯ ಗೆರೆ ಅಂದವಾಗಿ ಬಾರದು. ಎರಡು ಚುಕ್ಕಿ ಅಡ್ಡ, ಒಂದು ಚುಕ್ಕಿ ಮೇಲೆ ಎಂಬ ಲೆಕ್ಕದಲ್ಲಿ ಎಳೆದರೆ ಬರುವ ಕೋನ ಸುಮಾರು 26.6 ಡಿಗ್ರಿ. ಆದುದರಿಂದ ಐಸೊಮೆಟ್ರಿಕ್ ಎನಿಸಿಕೊಂಡ ಇಂಥ ಆಟಗಳು ಶುದ್ಧ ಶಾಸ್ತ್ರದ ದೃಷ್ಟಿಯಲ್ಲಿ ಐಸೊಮೆಟ್ರಿಕ್ ಅಲ್ಲ. ಕಣ್ಣು ಆ ವ್ಯತ್ಯಾಸವನ್ನು ಕ್ಷಮಿಸುತ್ತದೆ.

ನಾಸಿಕದ ಅಂಬಡ್ ಕೈಗಾರಿಕಾ ವಸಾಹತಿನಂಥ ಕಡೆ ದುಡಿಯುವವರಿಗೆ ಈ ನೋಟ ಹೊಸದಲ್ಲ. ಐಟಿಐ ಅಥವಾ ಡಿಪ್ಲೊಮಾ ಓದಿ ಬಂದ ಪ್ರತಿಯೊಬ್ಬರೂ ಲೋಹದ ಬಿಡಿಭಾಗವೊಂದರ ಮುಂಗಡೆ, ಮೇಲ್ಗಡೆ, ಪಕ್ಕದ ನೋಟಗಳನ್ನು ಓದಿ, ಅದನ್ನು ಮೂವತ್ತು ಡಿಗ್ರಿಯ ಮೂಲೆಮಟ್ಟದಿಂದ ಒಂದೇ ಚಿತ್ರವಾಗಿ ಎಳೆದವರೇ. ಇನ್ನು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಎಲ್ಲೋರಕ್ಕೆ ಹೋಗಿ, ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ರೂಪುಗೊಂಡ ಕೈಲಾಸ ದೇಗುಲವನ್ನು ಗುಡ್ಡದ ಅಂಚಿನ ಮೇಲಿನಿಂದ ನೋಡಿದವರಿಗೆ ಮಾತು ಇನ್ನೂ ಬೇಗ ತಿಳಿಯುತ್ತದೆ. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತ ಹೋದ ಶಿಲ್ಪಿಗಳ ನೋಟವೂ ಅದೇ: ಮೇಲಿನಿಂದ, ಓರೆಯಾಗಿ, ಅಂಗಳ, ಸ್ತಂಭ, ಶಿಖರಗಳನ್ನು ಒಂದೇ ನೋಟದಲ್ಲಿ ಹಿಡಿಯುವುದು. ನಮ್ಮ ಕಿರುಚಿತ್ರ ಪರಂಪರೆಯಲ್ಲಿಯೂ ಮಂಚ, ಮಂಟಪಗಳ ಅಂಚುಗಳು ಒಂದು ಬಿಂದುವಿನಲ್ಲಿ ಕೂಡದೆ ಸಮಾನಾಂತರವಾಗಿ ಸಾಗುವುದನ್ನು ಕಾಣುತ್ತೇವೆ. ಹಾಗೆಂದು ನೈಟ್ ಲೋರ್‌ನ ಬೇರು ಇಲ್ಲಿದೆಯೆಂದು ಹೇಳುವುದು ಹುಸಿ ಅಭಿಮಾನವಾದೀತು. ನಮಗೆ ಬೇಕಾದ ತೀರ್ಮಾನ ಅದಕ್ಕಿಂತ ಚಿಕ್ಕದು: ಕಣ್ಣಿನ ಕೊರತೆ ನಮಗಿರಲಿಲ್ಲ, ಕೈಯ ಕೊರತೆಯೂ ಇರಲಿಲ್ಲ.

ಇತಿಹಾಸಕಾರರಿಗೆ ‘ಮೊದಲನೆಯದು’ ಎಂಬ ಮಾತು ಸದಾ ತೊಡಕಿನದು. ನೈಟ್ ಲೋರ್ ಈ ಬಗೆಯ ಮೊದಲ ಆಟವೆಂದು ಹಲವರು ಬರೆದಿದ್ದಾರೆ. ಆದರೆ ಸೆಗಾ ಕಂಪನಿಯ ‘ಜಾಕ್ಸನ್’ ಎಂಬ ಆರ್ಕೇಡ್ ಆಟ 1982ರಲ್ಲಿಯೇ ಓರೆನೋಟವನ್ನು ಬಳಸಿತ್ತು. ಸ್ಯಾಂಡಿ ವೈಟ್ 1983ರಲ್ಲಿ ಸ್ಪೆಕ್ಟ್ರಮ್‌ಗಾಗಿಯೇ ‘ಆಂಟ್ ಅಟ್ಯಾಕ್’ ಎಂಬ ಆಟದಲ್ಲಿ ಘನಗಳಿಂದ ಇಡೀ ನಗರವನ್ನೇ ಕಟ್ಟಿದ್ದನು. ಇನ್ನೊಂದು ತೊಡಕೂ ಉಂಟು. ಅಪರೂಪಕ್ಕೆ ಮಾತನಾಡುತ್ತಿದ್ದ ಸ್ಟ್ಯಾಂಪರ್ ಸೋದರರು ಮುಂದೆ ಸಂದರ್ಶನವೊಂದರಲ್ಲಿ ತಿಳಿಸಿದಂತೆ, ನೈಟ್ ಲೋರ್ ಅದಕ್ಕೂ ಮುಂಚೆ ಬಿಡುಗಡೆಯಾದ ‘ಸೇಬರ್ ವುಲ್ಫ್’ಗಿಂತ ಮೊದಲೇ ಸಿದ್ಧವಾಗಿತ್ತು. ಇದನ್ನು ಕಂಡವರು ಅದನ್ನು ಕೊಳ್ಳಲಾರರೆಂಬ ವ್ಯಾಪಾರದ ಎಣಿಕೆಯಿಂದ ತಡೆಹಿಡಿದಿದ್ದರು. ಪ್ರಕಟವಾದ ದಿನಾಂಕವೇ ಹುಟ್ಟಿದ ದಿನಾಂಕವಲ್ಲವೆಂಬುದು ಶಾಸನ, ಹಸ್ತಪ್ರತಿಗಳನ್ನು ಬಲ್ಲ ಕನ್ನಡದ ಓದುಗರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಅದರ ಪ್ರಭಾವದ ಬಗೆಗೆ ಮಾತ್ರ ವಿವಾದವಿಲ್ಲ. ಅದನ್ನು ನೋಡಿದ ಜಾನ್ ರಿಟ್‌ಮನ್, ಚಿತ್ರಕಾರ ಬರ್ನಿ ಡ್ರಮಂಡ್ ಜೊತೆಗೂಡಿ 1986ರಲ್ಲಿ ‘ಬ್ಯಾಟ್‌ಮನ್’, 1987ರಲ್ಲಿ ‘ಹೆಡ್ ಓವರ್ ಹೀಲ್ಸ್’ ಎಂಬ ಆಟಗಳನ್ನು ರಚಿಸಿದನು. ನಮ್ಮ ಪ್ರಶ್ನೆಗೆ ಅವುಗಳಿಗಿಂತ ಮುಖ್ಯವಾದುದು ಸ್ಪೇನ್ ದೇಶದ ಉದಾಹರಣೆ. ಅದೇ 1987ರಲ್ಲಿ ಪಾಕೊ ಮೆನೆಂಡೆಸ್ ಎಂಬ ತರುಣ, ಹುವಾನ್ ಡೆಲ್ಕಾನ್ ಎಂಬ ಚಿತ್ರಕಾರನೊಡನೆ ‘ಲಾ ಅಬಾದಿಯಾ ದೆಲ್ ಕ್ರಿಮೆನ್’, ಎಂದರೆ ‘ಅಪರಾಧದ ಮಠ’ ಎಂಬ ಆಟವನ್ನು ಹೊರತಂದನು. ಅದರ ಮೂಲ ಉಂಬರ್ಟೊ ಎಕೊನ ‘ದ ನೇಮ್ ಆಫ್ ದ ರೋಸ್’ ಕಾದಂಬರಿ. ಅಲ್ಲಿ ಸನ್ಯಾಸಿಗಳು ಗಂಟೆ ಬಾರಿಸಿದಾಗ ಪ್ರಾರ್ಥನೆಗೂ ಊಟಕ್ಕೂ ನಡೆಯುತ್ತಾರೆ. ಆಡುವವನೂ ಹೊತ್ತಿಗೆ ಸರಿಯಾಗಿ ಹಾಜರಿರಬೇಕು. ತೆರೆಯ ಕೆಳಗೆ ಸ್ಪ್ಯಾನಿಷ್ ಭಾಷೆಯಲ್ಲಿ ಮಾತು ಹರಿಯುತ್ತದೆ. ಇಂಗ್ಲೆಂಡಿನ ಒಂದು ತಂತ್ರವು ಮೂರೇ ವರ್ಷಗಳಲ್ಲಿ ಇನ್ನೊಂದು ಭಾಷೆಯ ಓದಿನ ಸಂಸ್ಕೃತಿಯೊಳಗೆ ಬೇರುಬಿಟ್ಟಿತು.

ಆ ಹೊತ್ತಿಗೆ ಭಾರತದಲ್ಲಿ ಏನಿತ್ತು? ಗಣಕಗಳೇ ಇರಲಿಲ್ಲವೆಂಬುದು ಸರಿಯಲ್ಲ. 1984–85ರಲ್ಲಿ ಕೇಂದ್ರ ಸರಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿ, ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಗಣಕಗಳನ್ನು ಕೊಟ್ಟಿತು. ನೈಟ್ ಲೋರ್‌ನ ಬಿಬಿಸಿ ಮೈಕ್ರೊ ಆವೃತ್ತಿ 1985ರಲ್ಲಿಯೇ ಬಂದಿತ್ತು. ಎಂದರೆ ಆ ಕೋಟೆಯನ್ನು ತೋರಿಸಬಲ್ಲ ಜಾತಿಯ ಯಂತ್ರವೇ ನಮ್ಮ ಶಾಲೆಗಳಲ್ಲಿತ್ತು. ಡೆಸಿಬೆಲ್ಸ್ ಎಂಬ ಸಂಸ್ಥೆ 1980ರ ದಶಕದ ಉತ್ತರಾರ್ಧದಲ್ಲಿ ಸ್ಪೆಕ್ಟ್ರಮ್ ಪ್ಲಸ್ ಗಣಕದ ಭಾರತೀಯ ಆವೃತ್ತಿಯನ್ನು ಮಾರಿತು. ಯಂತ್ರ ಇತ್ತು, ನೀತಿ ಇತ್ತು, ಓರೆನೋಟದ ಕಣ್ಣೂ ಇತ್ತು. ಇಲ್ಲದಿದ್ದುದು ಎರಡು.

ಒಂದನೆಯದು ಬಿಡುವು. 1982ರಲ್ಲಿ ಸ್ಪೆಕ್ಟ್ರಮ್ ಮಾರುಕಟ್ಟೆಗೆ ಬಂದಾಗ ಚಿಕ್ಕ ಮಾದರಿಯ ಬೆಲೆ 125 ಪೌಂಡ್, ದೊಡ್ಡದರ ಬೆಲೆ 175 ಪೌಂಡ್. ಮಧ್ಯಮ ವರ್ಗದ ಆಂಗ್ಲ ಮನೆಯಲ್ಲಿ ಅದು ಹುಡುಗನ ಕೋಣೆಯ ವಸ್ತುವಾಯಿತು. ಮಧ್ಯರಾತ್ರಿಯವರೆಗೆ ಕೆಡಿಸಿ ಕಟ್ಟುವ ಸ್ವಾತಂತ್ರ್ಯ ಅವನಿಗಿತ್ತು. ನಮ್ಮಲ್ಲಿ ಅದು ಶಾಲೆಯ ಬೀಗ ಹಾಕಿದ ಕೋಣೆಯ ವಸ್ತು. ಸರದಿಯಲ್ಲಿ ಮುಟ್ಟಿ ನೋಡುವಂಥದ್ದು. ಸರದಿಯಲ್ಲಿ ಸಾಕ್ಷರತೆ ಬರಬಹುದು, ಸೃಷ್ಟಿಗೆ ಒಂಟಿಯಾದ ದೀರ್ಘ ಹೊತ್ತು ಬೇಕು.

ಎರಡನೆಯದು ಭಾಷೆ. ಸ್ಪ್ಯಾನಿಷ್ ಭಾಷೆಗೆ ರೋಮನ್ ಲಿಪಿಯ ಜೊತೆ ಕೆಲವೇ ಚಿಹ್ನೆಗಳು ಸಾಕು. ಸ್ಪೆಕ್ಟ್ರಮ್‌ನ ಅಕ್ಷರಗಳು ಎಂಟೆಂಟು ಚುಕ್ಕಿಗಳ ಚೌಕದಲ್ಲಿ ಕೂರುತ್ತವೆ. ಬಳಕೆದಾರನು ಸ್ವತಃ ರೂಪಿಸಿಕೊಳ್ಳಲು ಸಿದ್ಧವಾಗಿ ಇಟ್ಟಿದ್ದ ಜಾಗ 21 ಚಿಹ್ನೆಗಳಿಗೆ ಮಾತ್ರ. ಕನ್ನಡದ ವರ್ಣಮಾಲೆಯೇ ಅದಕ್ಕಿಂತ ದೊಡ್ಡದು. ಗುಣಿತಾಕ್ಷರ, ಒತ್ತಕ್ಷರಗಳು ಆ ಚೌಕದ ಕೆಳಗೂ ಪಕ್ಕಕ್ಕೂ ಚಾಚುತ್ತವೆ. ಇದು ಅಸಾಧ್ಯವೇನಲ್ಲ; 128 ಕೋಣೆಗಳನ್ನು ಬಿಡಿಭಾಗಗಳಿಂದ ಜೋಡಿಸಿದ ಜಾಣ್ಮೆಯೇ ಒತ್ತಕ್ಷರಗಳನ್ನೂ ಜೋಡಿಸಬಲ್ಲುದು. ಐಐಟಿ ಕಾನ್ಪುರದಲ್ಲಿ ಆರಂಭವಾಗಿ ಅನಂತರ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ತಂತ್ರವೂ, ಕನ್ನಡದ ಕೀಲಿಮಣೆಯನ್ನು ಉಚ್ಚಾರಣೆಯ ತರ್ಕದ ಮೇಲೆ ಕಟ್ಟಿದ ಕೆ. ಪಿ. ರಾವ್ ಅವರ ದುಡಿಮೆಯೂ ಅದನ್ನು ತೋರಿಸಿಕೊಟ್ಟವು. ಆದರೆ ಆ ದುಡಿಮೆ ಕಚೇರಿಗೂ ಅಚ್ಚುಮನೆಗೂ ಸಂದಿತು. ಮಕ್ಕಳ ಆಟಕ್ಕೆ ಸಲ್ಲಲಿಲ್ಲ. ಗಣಕವೆಂದರೆ ಇಂಗ್ಲಿಷ್, ಇಂಗ್ಲಿಷ್ ಎಂದರೆ ಉದ್ಯೋಗ, ಆಟವೆಂದರೆ ಕಾಲಹರಣ ಎಂಬ ಸಮೀಕರಣ ನಮ್ಮ ಮನೆಗಳಲ್ಲಿ ಗಟ್ಟಿಯಾಯಿತು. ನಾವು ಗಣಕದಲ್ಲಿ ದುಡಿದೆವು, ಅದರಲ್ಲಿ ಕನಸು ಕಾಣಲಿಲ್ಲ.

ಈಗ ಉಳಿದಿರುವ ಪ್ರಶ್ನೆ ಸಂರಕ್ಷಣೆಯದು. ಸ್ಟ್ಯಾಂಪರ್ ಸೋದರರ ಸಂಸ್ಥೆ ‘ರೇರ್’ ಆಗಿ ಬೆಳೆದು, 2002ರಲ್ಲಿ ಮೈಕ್ರೋಸಾಫ್ಟ್‌ನ ವಶವಾಯಿತು. ಆದರೂ 2015ರಲ್ಲಿ ಹೊರಬಂದ ‘ರೇರ್ ರಿಪ್ಲೇ’ ಸಂಗ್ರಹದ ಮೂವತ್ತು ಆಟಗಳಲ್ಲಿ ನೈಟ್ ಲೋರ್ ಕೂಡ ಇತ್ತು. ನಮ್ಮ ಕಡೆಯ ಕ್ಯಾಸೆಟ್ಟುಗಳ ಗತಿ ಬೇರೆ. ಕಾಂತಪಟ್ಟಿಯ ಲೇಪ ತೇವಕ್ಕೆ ಬೂಸಲು ಹಿಡಿದು ಉದುರುತ್ತದೆ. ಶಾಲೆಯ ಯಂತ್ರ ನಿರುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿ ಹರಾಜಾಗುತ್ತದೆ. ದಾಸ್ತಾನು ಪುಸ್ತಕದಲ್ಲಿ ಅದರ ಬೆಲೆ ಇರುತ್ತದೆ, ಅದರ ಮೇಲೆ ಒಬ್ಬ ವಿದ್ಯಾರ್ಥಿ ಬರೆದ ಮೊದಲ ಕ್ರಮವಿಧಿ ಇರುವುದಿಲ್ಲ.

ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೆಸರಿಸಿದ ಗೋದಾವರಿಯ ದಡದಲ್ಲಿ ಇಂದೂ ಕನ್ನಡಿಗರಿದ್ದಾರೆ. ನಾಸಿಕದ ಬಳಿಯ ಓಝರ್‌ನ ಎಚ್‌ಎಎಲ್ ವಿಮಾನ ಕಾರ್ಖಾನೆಯಂಥ ಕಡೆಗಳಿಗೆ ಬೆಂಗಳೂರಿನ ನಂಟಿನಿಂದ ಬಂದವರು, ಅಂಬಡ್‌ನ ಕಾರ್ಖಾನೆಗಳಿಗೆ ಕೆಲಸ ಅರಸಿ ಬಂದವರು ಹಲವರು. ಇವರಲ್ಲಿ ಈಗ ಐವತ್ತು ದಾಟಿದವರು 1980ರ ದಶಕದ ಶಾಲಾ ಗಣಕದ ಎದುರು ಕುಳಿತ ಮೊದಲ ಪೀಳಿಗೆ. ರಾಜ್ಯೋತ್ಸವದಂದು ನಾವು ಸೇರಿದಾಗ ಅವರನ್ನು ಒಂದು ಮಾತು ಕೇಳಿ, ಉತ್ತರವನ್ನು ದಾಖಲಿಸಿಕೊಳ್ಳಬಹುದು: ಯಾವ ಊರಿನ ಯಾವ ಶಾಲೆ, ಯಾವ ಯಂತ್ರ, ಅದರಲ್ಲಿ ನೀವು ಮೊದಲು ಮಾಡಿದ್ದೇನು, ಮಾಡಬೇಕೆಂದಿದ್ದು ಮಾಡಲಾಗದೆ ಹೋದದ್ದೇನು? ಇದಕ್ಕೆ ಅನುದಾನ ಬೇಕಿಲ್ಲ. ಒಂದು ಮೊಬೈಲು, ಒಂದು ಸಂಜೆ ಸಾಕು. ಹತ್ತು ಜನರ ಮಾತು ದೊರೆತರೂ, ಕನ್ನಡದ ಮಕ್ಕಳು ಗಣಕವನ್ನು ಮೊದಲು ಮುಟ್ಟಿದ ಕಾಲದ ಬಗ್ಗೆ ಮುಂದೆ ಬರೆಯುವವರಿಗೆ ಊಹೆಯ ಬದಲು ಒಂದು ಆಧಾರ ಸಿಗುತ್ತದೆ.