ಕ್ರಿಸ್ಮಸ್ ಸೀಲು ಮತ್ತು ಕೊರ್ಬಾನ್: ಇನ್ನೊಬ್ಬರ ಹೆಸರಿನಲ್ಲಿ ಕೊಡುವ ದಾನ

ಕ್ರಿಸ್ಮಸ್ ಉಡುಗೊರೆಗೆ ಬದಲಾಗಿ, ಅದನ್ನು ಪಡೆಯಬೇಕಾದವರ ಹೆಸರಿನಲ್ಲಿ ಸೇವಾಸಂಸ್ಥೆಯೊಂದಕ್ಕೆ ಹಣ ಕೊಟ್ಟು, ಆ ಸಂಸ್ಥೆಯ ಕಾರ್ಡನ್ನು ಅವರಿಗೆ ಕಳುಹಿಸುವ ರೂಢಿ ಈಚಿನ ದಶಕಗಳಲ್ಲಿ ಪಶ್ಚಿಮದ ಕ್ರೈಸ್ತರಲ್ಲಿ ಬೆಳೆದಿದೆ. ಇದು ಉಚಿತವೇ ಎಂಬುದನ್ನು ಬರಿಯ ಶಿಷ್ಟಾಚಾರದ ಪ್ರಶ್ನೆಯಾಗಿ ಚರ್ಚಿಸುವುದುಂಟು. ಹಬ್ಬದ ಕೊಡುಗೆಯೂ ಬಡವರ ಪಾಲೂ ಹಿಂದೆ ಹೇಗೆ ಜೊತೆಗೂಡಿದ್ದವು ಎಂಬುದನ್ನು ನಾವಿಲ್ಲಿ ನೋಡಬಯಸುತ್ತೇವೆ.

ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೊಲ್ ಅವರಿಗೆ, ಹಬ್ಬದ ಕಾಲದಲ್ಲಿ ಬಂದು ಬೀಳುತ್ತಿದ್ದ ಶುಭಾಶಯ ಪತ್ರಗಳ ರಾಶಿಯನ್ನು ಕಂಡು ಒಂದು ಯೋಚನೆ ಹೊಳೆಯಿತು. ಪ್ರತಿಯೊಂದು ಪತ್ರಕ್ಕೂ ಇನ್ನೊಂದು ಪುಟ್ಟ ಚೀಟಿಯನ್ನು ಅಂಟಿಸಿ, ಅದರ ಬೆಲೆಯನ್ನು ಕ್ಷಯಪೀಡಿತ ಮಕ್ಕಳಿಗಾಗಿ ಕೂಡಿಸಬಾರದೇಕೆ? ದೊರೆ ಒಂಬತ್ತನೆಯ ಕ್ರಿಶ್ಚಿಯನ್ ಒಪ್ಪಿಗೆಯಿತ್ತರು. ದಿವಂಗತ ರಾಣಿ ಲೂಯಿಸ್ ಅವರ ಚಿತ್ರವಿದ್ದ ಮೊದಲ ಕ್ರಿಸ್ಮಸ್ ಸೀಲು 1904ರಲ್ಲಿ ಹೊರಬಂದು, 40 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಆದರೆ ಈ ಸೀಲಿಗೆ ಅಂಚೆವೆಚ್ಚದ ಮೌಲ್ಯವಿರಲಿಲ್ಲವೆಂಬುದು ಗಮನಾರ್ಹ. ಪತ್ರ ತಲಪಬೇಕಾದರೆ ಎಂದಿನ ಅಂಚೆಚೀಟಿಯನ್ನು ಪೂರ್ಣ ಬೆಲೆಗೆ ಕೊಂಡು ಹಚ್ಚಲೇಬೇಕಿತ್ತು; ದಾನವು ಅದರ ಪಕ್ಕದಲ್ಲಿ ಕೂರುತ್ತಿತ್ತು. ಬಂಧುವಿಗೆ ಸಲ್ಲಬೇಕಾದದ್ದರಲ್ಲಿ ಕಾಸೂ ಕಡಿಮೆಯಾಗಲಿಲ್ಲ. ರೋಗಿಯ ಪಾಲು ಕಳುಹಿಸಿದವನ ಕಿಸೆಯಿಂದಲೇ ಹೋಯಿತು.

ಡೇನಿಷ್ ಮೂಲದ ಪತ್ರಕರ್ತ ಜೇಕಬ್ ರೀಸ್ ಈ ಸೀಲಿನ ಕುರಿತು ಅಮೆರಿಕದಲ್ಲಿ ಬರೆದರು. ಅದನ್ನೋದಿದ ಎಮಿಲಿ ಬಿಸೆಲ್, ಡೆಲವೇರಿನ ಸಣ್ಣ ಕ್ಷಯ ಚಿಕಿತ್ಸಾಲಯಕ್ಕೆ ಬೇಕಾಗಿದ್ದ 300 ಡಾಲರಿಗಾಗಿ 1907ರಲ್ಲಿ ಒಂದೊಂದು ಸೆಂಟಿನ ಸೀಲುಗಳನ್ನು ಮಾರಿದರು. ಕೂಡಿದ್ದು ಸುಮಾರು ಹತ್ತು ಪಟ್ಟು.

ಇಂದಿನ ಕಾರ್ಡುಗಳ ಮೇಲಿನ ಆಡು, ಕೋಳಿಗಳ ಚಿತ್ರಗಳಿಗೆ ಇನ್ನೊಂದು ಪೂರ್ವಚರಿತ್ರೆಯಿದೆ. ಸ್ಪೇನಿನ ಅಂತರ್ಯುದ್ಧದಲ್ಲಿ ಹಸಿದ ಮಕ್ಕಳಿಗೆ ಹಾಲು ಹಂಚುತ್ತಿದ್ದ, ಚರ್ಚ್ ಆಫ್ ದ ಬ್ರೆದರನ್ ಸಭೆಯ ಡ್ಯಾನ್ ವೆಸ್ಟ್ ಅವರು, ಲೋಟದ ಹಾಲಿಗಿಂತ ಹಸುವನ್ನೇ ಕೊಡುವುದು ಲೇಸೆಂದು ಎಣಿಸಿದರು. 1944ರಲ್ಲಿ ಮೊದಲ ಕಡಸುಗಳು ಪೋರ್ಟೊ ರಿಕೊಗೆ ಹೋದವು. ಪಡೆದ ಕುಟುಂಬವು ಮೊದಲ ಹೆಣ್ಣುಕರುವನ್ನು ಮತ್ತೊಂದು ಕುಟುಂಬಕ್ಕೆ ಕೊಡಬೇಕೆಂಬುದು ಷರತ್ತು. ಅಲ್ಲಿಯೂ ರೈತನು ಕೊಟ್ಟದ್ದು ತನ್ನ ಹಟ್ಟಿಯ ಕಡಸನ್ನೇ.

ಕಾರ್ಡಿನ ವ್ಯವಹಾರದಲ್ಲಾದರೋ ಮೂರನೆಯವರೊಬ್ಬರು ಸೇರುತ್ತಾರೆ: ಯಾರ ಹೆಸರಿನಲ್ಲಿ ಕೊಟ್ಟಿತೋ ಅವರು. ಇಲ್ಲಿ ಮಾರ್ಕ 7ನೆಯ ಅಧ್ಯಾಯದ ಕೊರ್ಬಾನ್ ನೆನಪಾಗದಿರದು. ತಂದೆತಾಯಿಗೆ ಸಲ್ಲಬೇಕಾದದ್ದು ದೇವರಿಗೆ ಮೀಸಲಾಯಿತೆಂದು ಹೇಳಿದವನ ಕಾಣಿಕೆ ಸುಳ್ಳೆಂದು ಯೇಸುಸ್ವಾಮಿ ಹೇಳಲಿಲ್ಲ. ಅದು ಯಾರ ಪಾಲಿನದೆಂದು ತೋರಿಸಿದರು. ಈ ಹೋಲಿಕೆಯನ್ನು ಅತಿಯಾಗಿ ಎಳೆಯುವುದು ನ್ಯಾಯವಲ್ಲ. ಕಪಾಟು ತುಂಬಿದ ಗೆಳೆಯನಿಗೆ ಆ ಕಾರ್ಡು ಸಂತೋಷವನ್ನೇ ತರಬಹುದು. ಅವನೇ ಬಯಸಿದ್ದರಂತೂ ಮಾತೇ ಇಲ್ಲ. ಆದರೆ ಹಬ್ಬದ ಸೀರೆಯೊಂದನ್ನು ವರ್ಷವಿಡೀ ಎದುರುನೋಡುವ ಮನೆಗೆಲಸದಾಕೆಯ ಕೈಗೆ ಅದನ್ನಿತ್ತರೆ, ನಮ್ಮ ಔದಾರ್ಯದ ಬೆಲೆಯನ್ನು ತೆತ್ತವಳು ಆಕೆಯೇ. ಮಂಗಳೂರಿನ ಕ್ರೈಸ್ತ ಮನೆಗಳಿಂದ ನೆರೆಮನೆಗಳಿಗೆ ಕುಸ್ವಾರಿನ ತಟ್ಟೆ ಹೋಗುತ್ತದೆ. ತಟ್ಟೆಯ ಬದಲು ರಸೀದಿ ಹೋದರೆ ಯಾರೂ ಆಕ್ಷೇಪಿಸಲಾರರು. ಬಡವರ ಹೆಸರಿದ್ದಲ್ಲಿ ಬೇಡವೆನ್ನುವ ಬಾಯಿ ಯಾರಿಗಿದೆ?

ಯೆರೂಸಲೇಮಿನ ಬಡ ಭಕ್ತರಿಗಾಗಿ ಹಣ ಕೂಡಿಸಿದ ಪೌಲನು, ಕೊರಿಂಥದವರ ಹೆಸರಿನಲ್ಲಿ ತಾನೇ ಕೊಟ್ಟು ಅವರಿಗೆ ಸುದ್ದಿ ಮುಟ್ಟಿಸಲಿಲ್ಲ. ಅವರ ವಿಷಯದಲ್ಲಿ ಮಕೆದೋನ್ಯದವರ ಮುಂದೆ ಹೊಗಳಿಕೊಂಡದ್ದುಂಟು. ಆದರೂ ಇದು ಆಜ್ಞೆಯಲ್ಲವೆಂದು ಬರೆದು, ತೀತನನ್ನು ಅವರ ಬಳಿಗೆ ಕಳುಹಿಸಿ, ಅವರು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡದ್ದಕ್ಕಾಗಿ ಕಾದನು.