ಶಟಲ್ ನೌಕೆಯ ರೆಕ್ಕೆ

ಸಂತೆಗೊಮ್ಮೆ ಹೋಗಿಬಂದು ಬಂಡಿಯನ್ನು ಸುಟ್ಟುಬಿಡುವ ರೈತನಿಲ್ಲವಷ್ಟೆ. ಒಮ್ಮೆ ಏರಿದ ರಾಕೆಟ್ಟು ಕಡಲ ಪಾಲಾಗುತ್ತಿದ್ದುದನ್ನು ಕಂಡವರಿಗೆ ಈ ಮಾತು ನೆನಪಾದುದು ಸಹಜವೇ. ಆದರೆ ಮರಳಿ ಬರಬೇಕಾದ ನೌಕೆಯು ರೆಕ್ಕೆಗಳನ್ನೂ ಗಾಲಿಗಳನ್ನೂ ಉರಿಯನ್ನು ತಡೆಯುವ ಕವಚವನ್ನೂ ತಾನೇ ಹೊತ್ತು ಏರಬೇಕು. ಹೊತ್ತಷ್ಟೂ ಸರಕಿನ ಪಾಲು ಕುಗ್ಗುವುದು. ಅಮೆರಿಕದ ಸ್ಪೇಸ್ ಶಟಲ್ ನೌಕೆಯ ಚರಿತ್ರೆಯಲ್ಲಿ ಈ ಲೆಕ್ಕವು ನಡೆದ ಬಗೆಯು ವಿಚಾರಾರ್ಹವಾಗಿದೆ.

1970ರ ಸುಮಾರಿಗೆ ನಾಸಾ ಸಂಸ್ಥೆಯು ಬಯಸಿದುದು ಎರಡು ಅಂತಸ್ತಿನ ವಾಹನವನ್ನು. ಎರಡೂ ರೆಕ್ಕೆಯುಳ್ಳವು, ಎರಡೂ ಹಿಂದಿರುಗತಕ್ಕವು. ಅದಕ್ಕೆ ಸುಮಾರು 1000 ಕೋಟಿ ಡಾಲರ್ ಬೇಕೆಂದು ಕಂಡಿತು. ಆಯವ್ಯಯದ ಅಧಿಕಾರಿಗಳು ಅದರ ಅರ್ಧದಷ್ಟನ್ನು ಮಾತ್ರ ಕೊಡಲೊಪ್ಪಿದರು. ಆದುದರಿಂದ ನಾಸಾ ವಾಯುಸೇನೆಯ ಬೆಂಬಲವನ್ನು ಅರಸಬೇಕಾಯಿತು.

ಮರ್ಕ್ಯುರಿ ನೌಕೆಯ ರೂಪಕರ್ತರಾದ ಮ್ಯಾಕ್ಸಿಮ್ ಫ್ಯಾಜೆಯವರು ಶಟಲಿಗೆ ಚಿಕ್ಕದಾದ ನೇರ ರೆಕ್ಕೆಯೇ ಸಾಕೆಂದಿದ್ದರು. ವಾಯುಸೇನೆಯ ಬಯಕೆ ಬೇರೆ. 60 ಅಡಿ ಉದ್ದ, 15 ಅಡಿ ಅಗಲದ ಸರಕುಕೋಣೆ ಬೇಕು. ಕ್ಯಾಲಿಫೋರ್ನಿಯದ ವ್ಯಾಂಡೆನ್‌ಬರ್ಗ್ ನೆಲೆಯಿಂದ ಏರಿ, ಧ್ರುವಗಳ ಮೇಲೆ ಹಾದು, ಒಂದೇ ಸುತ್ತಿನಲ್ಲಿ ಅಲ್ಲಿಗೇ ಇಳಿಯಲೂ ಬರಬೇಕು. ಸುತ್ತಿಗೆ ಹಿಡಿಯುವುದು 90 ನಿಮಿಷ. ಅಷ್ಟರಲ್ಲಿ ಭೂಮಿಯು ಹೊರಳಿ ನೆಲೆಯು ಪೂರ್ವಕ್ಕೆ ಸುಮಾರು 2000 ಕಿಲೋಮೀಟರು ಸರಿದಿರುವುದು. ಆ ದೂರವನ್ನು ಅಡ್ಡಲಾಗಿ ತೇಲಿಬರುವುದಕ್ಕೆ ನೇರ ರೆಕ್ಕೆ ಸಾಲದು. ತ್ರಿಕೋಣಾಕಾರದ ದೊಡ್ಡ ರೆಕ್ಕೆಯೇ ಬೇಕು. ರೆಕ್ಕೆ ಬೆಳೆಯಿತು, ತೂಕ ಬೆಳೆಯಿತು, ಕಾವಿನಲ್ಲಿ ಬೇಯುವ ಹೊತ್ತೂ ಬೆಳೆಯಿತು. ಕೊಲಂಬಿಯಾ ನೌಕೆಗೆ 30,000ದಷ್ಟು ಸಿಲಿಕಾ ಬಿಲ್ಲೆಗಳನ್ನು ಒಂದೊಂದಾಗಿ ಅಂಟಿಸಿ, ಯಾನವಾದ ಮೇಲೆಲ್ಲ ಪರೀಕ್ಷಿಸಬೇಕಾಯಿತು. ಸುಮಾರು 80 ಟನ್ನಿನ ನೌಕೆಯು ಹೊರಬಲ್ಲ ಸರಕು ಅದರ ಮೂರನೆಯ ಒಂದು ಪಾಲಿನಷ್ಟು!

1972ರ ಜನವರಿ 5ರಂದು ಅಧ್ಯಕ್ಷ ನಿಕ್ಸನ್ ಅನುಮತಿಯಿತ್ತರು. ಅಷ್ಟರಲ್ಲಿ ಹಣದ ಕೊರತೆಯಿಂದ ರೆಕ್ಕೆಯುಳ್ಳ ಮೊದಲ ಅಂತಸ್ತು ಯೋಜನೆಯಿಂದ ಬಿದ್ದುಹೋಗಿದ್ದಿತು. ಬದಲಾಗಿ ಬಂದವು, ಪ್ಯಾರಾಶೂಟಿನಿಂದ ಕಡಲಿಗಿಳಿಯುವ ಎರಡು ಘನ ಇಂಧನದ ರಾಕೆಟ್ಟುಗಳು ಮತ್ತು ಪ್ರತಿ ಬಾರಿಯೂ ಎಸೆದುಬಿಡುವ ದೊಡ್ಡ ತೊಟ್ಟಿ. ಮಿತವ್ಯಯದ ಆಸೆಯು ವಾರಕ್ಕೊಂದು ಯಾನವೆಂಬ ಲೆಕ್ಕದ ಮೇಲೆ ನಿಂತಿದ್ದಿತು. 1985ರಲ್ಲಿ 9 ಯಾನಗಳಾದುವು; ಅದಕ್ಕಿಂತ ಹೆಚ್ಚು ಯಾವ ವರ್ಷವೂ ಆಗಲಿಲ್ಲ. 1981ರಿಂದ 2011ರವರೆಗೆ ಒಟ್ಟು 135.

ಇವುಗಳಲ್ಲಿ ಒಂದೂ ವ್ಯಾಂಡೆನ್‌ಬರ್ಗಿನಿಂದ ಏರಲಿಲ್ಲ. ಅಲ್ಲಿ ಕಟ್ಟಿದ ಏರುಕಟ್ಟೆಯನ್ನು 1986ರ ಚಾಲೆಂಜರ್ ದುರಂತದ ಬಳಿಕ ಶಟಲಿಗೆ ಬಳಸುವ ವಿಚಾರವನ್ನೇ ಕೈಬಿಟ್ಟರು. ದೊಡ್ಡ ರೆಕ್ಕೆಯು ಕೇವಲ ವ್ಯರ್ಥವಾಯಿತೆನ್ನುವುದು ನ್ಯಾಯವಲ್ಲ. ಇಳಿಯುವ ಹೊತ್ತನ್ನೂ ಎಡೆಯನ್ನೂ ಆರಿಸಿಕೊಳ್ಳಲು ಅದು ಅನುಕೂಲವಾಗಿದ್ದಿತು. ಆದರೆ ಅದನ್ನು ಬೇಡಿದ ಯಾನವು ಒಮ್ಮೆಯೂ ನಡೆಯಲಿಲ್ಲ. ತೂಕವನ್ನು ಮಾತ್ರ ಪ್ರತಿ ಬಾರಿಯೂ ಹೊರಬೇಕಾಯಿತು.

2003ರ ಜನವರಿ 16ರಂದು ಕೊಲಂಬಿಯಾ ಏರುತ್ತಿರುವಾಗ ಆ ತೊಟ್ಟಿಯ ನೊರೆಹೊದಿಕೆಯ ತುಂಡೊಂದು ಕಳಚಿ ಎಡರೆಕ್ಕೆಯ ಮುಂಚಿಗೆ ಬಡಿಯಿತು. ಫೆಬ್ರವರಿ 1ರಂದು ಮರಳುವಾಗ ಕಾದ ಗಾಳಿಯು ಆ ರಂಧ್ರದಿಂದ ಒಳಹೊಕ್ಕಿತು. ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯೂ ಮಡಿದರು. ನೌಕೆಯು ತೊಟ್ಟಿಯ ಪಕ್ಕದಲ್ಲಿರದೆ ಹಳೆಯವುಗಳಂತೆ ರಾಕೆಟ್ಟಿನ ತುದಿಯಲ್ಲಿ ಕುಳಿತಿದ್ದರೆ ಮೇಲಿನಿಂದ ಬೀಳುವುದೇನೂ ಇರುತ್ತಿರಲಿಲ್ಲ. ಮುಂದೆ ಅಮೆರಿಕದವರು ಯಾತ್ರಿಕರಿಗಾಗಿ ಕಟ್ಟಿದ ಡ್ರಾಗನ್ ಮತ್ತು ಒರಾಯನ್ ನೌಕೆಗಳು ತುದಿಯಲ್ಲಿಯೇ ಕುಳಿತು ಏರುವುವು, ಅವಕ್ಕೆ ರೆಕ್ಕೆಗಳಿಲ್ಲ.