ಕಿಮುರಾ

ಮಿಶ್ರ ಸಮರಕಲೆಯ ಪಂದ್ಯಗಳಲ್ಲಿ ಕೇಳಿಬರುವ ‘ಕಿಮುರಾ’ ಒಂದು ಪಟ್ಟಿನ ಹೆಸರು. ಎದುರಾಳಿಯ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ಅವನ ತೋಳಿನ ಸುತ್ತ ತೂರಿಸಿ ತನ್ನದೇ ಮಣಿಕಟ್ಟಿಗೆ ಬಿಗಿದು, ಆ ತೋಳನ್ನು ಬೆನ್ನ ಹಿಂದಕ್ಕೆ ತಿರುಚುವುದು. ಭುಜ ಕಿತ್ತುಬರುವಂಥ ನೋವು. ಜೂಡೋದಲ್ಲಿ ಇದು ‘ಉದೆ-ಗರಾಮಿ’, ಅಂದರೆ ತೋಳು ಹೆಣೆಯುವುದು. ಕ್ಯಾಚ್ ಕುಸ್ತಿಯವರಿಗೆ ‘ಡಬಲ್ ರಿಸ್ಟ್‌ಲಾಕ್’.

1951ರಲ್ಲಿ ರಿಯೊ ಡಿ ಜನೈರೊದಲ್ಲಿ ಜಪಾನಿನ ಜೂಡೋಪಟು ಮಸಾಹಿಕೊ ಕಿಮುರಾ ಇದೇ ಪಟ್ಟಿನಿಂದ ಬ್ರೆಜಿಲಿಯನ್ ಜುಜುತ್ಸುವಿನ ಹೇಲಿಯೊ ಗ್ರೇಸಿಯ ತೋಳು ಮುರಿದರು. ಹೇಲಿಯೊ ಸೋಲೊಪ್ಪಲಿಲ್ಲ; ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಸೋತ ಬ್ರೆಜಿಲಿಯನ್ ಜುಜುತ್ಸು, ಗೆದ್ದವರ ಹೆಸರನ್ನೇ ಪಟ್ಟಿಗಿಟ್ಟಿತು. ಈ ದೊಡ್ಡ ಮನಸ್ಸು ನನಗೆ ತುಂಬ ಹಿಡಿಸುತ್ತದೆ. ಕಿಮುರಾ ವೃತ್ತಿ ಕುಸ್ತಿಯನ್ನೂ ಆಡಿದವರು. ಅದೇ ಕಣದಿಂದ ಬಂದ ಕಜುಶಿ ಸಕುರಾಬಾ, 2000ದಲ್ಲಿ, ಕಾರ್ಲೋಸರ ಮೊಮ್ಮಗ ರೆಂಜೊ ಗ್ರೇಸಿಗೆ ಹಾಕಿದ್ದೂ ಇದೇ ಪಟ್ಟು. ರೆಂಜೊ ಕೂಡ ಸೋಲೊಪ್ಪಲಿಲ್ಲ.